ಲೇಬಲ್ಲಿನ ಅಡಿಯ ಸಾಲು

ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೇಳು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಆಕೆಗಿಂತ ಹಿರಿಯ ಡಾಕ್ಟರುಗಳೂ ಹಾಗೇ ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟಿತ್ತೋ, ಭಯವಂತೂ ಇತ್ತು. ಹೆಸರು ಬರೆಯದ ಟ್ಯೂಬು ಕಳಿಸಿದ ನರ್ಸನ್ನು ಕರೆಸಿ, "ಇದು ಯಾರ ರಕ್ತ? ನಿನ್ನದಾ?" ಎಂದು ಇಡೀ ವಾರ್ಡಿಗೆ ಕೇಳಿಸುವಂತೆ ವಿಚಾರಿಸುವವಳು. ಇಪ್ಪತ್ತೆರಡಕ್ಕೆ ಮದುವೆ, ನಲವತ್ತಕ್ಕೆ ವೈಧವ್ಯ, ನಡುವೆ ಒಬ್ಬಳು ಮಗಳು. ಯಾವುದಕ್ಕೂ ಹದಿನೈದು ದಿನಕ್ಕಿಂತ ಹೆಚ್ಚು ರಜೆ ಹಾಕಿರಲಿಲ್ಲ.

ಇಂಥವಳಿಗೆ ಸಿಕ್ಕ ಅಳಿಯ ಅದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಮಗಳೇ ಆರಿಸಿಕೊಂಡದ್ದು, ಆಕೆಯನ್ನು ಕೇಳಿರಲಿಲ್ಲ. ಮನೆಯಲ್ಲಿ ಅವನು "ಅತ್ತೆ" ಎನ್ನುತ್ತಿದ್ದ, ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ "ಮೇಡಂ". ಆಕೆ ಎರಡೂ ಕಡೆ ಅವನಿಗೆ ಬಹುವಚನವನ್ನೇ ಬಳಸುತ್ತಿದ್ದಳು: ಮನೆಯಲ್ಲಿ ಮರ್ಯಾದೆಗೆ, ಇಲ್ಲಿ ದೂರವಿಡುವುದಕ್ಕೆ. ಅವನೋ, ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳದ ಮನುಷ್ಯ. ಯಾವ ದೂರು ಹೋದರೂ "ರೀಸ್ಟಾರ್ಟ್ ಮಾಡಿ ನೋಡಿ" ಎನ್ನುತ್ತಿದ್ದ. ಹೋದ ತಿಂಗಳು ಇಡೀ ಆಸ್ಪತ್ರೆಗೆ ಹೊಸ ನೆಟ್‌ವರ್ಕ್ ಸ್ವಿಚ್ಚುಗಳನ್ನು, ಅಂದರೆ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿಗಳನ್ನು, ಹಾಕಿಸಿ ಮದುವೆ ಗಂಡಿನ ಹಾಗೆ ಓಡಾಡುತ್ತಿದ್ದ.

ಆ ಸ್ವಿಚ್ಚು ಬಂದ ದಿನದಿಂದ ಲ್ಯಾಬಿನ ಹಳೆಯ ಯಂತ್ರಕ್ಕೆ ಗ್ರಹಚಾರ ಶುರುವಾಯಿತು. ರಕ್ತವನ್ನು ತಾನೇ ಹೀರಿ, ಪರೀಕ್ಷಿಸಿ, ವರದಿಯನ್ನು ಕೇಬಲ್ಲಿನ ಮೂಲಕ ವಾರ್ಡಿನ ಕಂಪ್ಯೂಟರಿಗೆ ಕಳಿಸುವ ಯಂತ್ರ ಅದು. ಈಗ ಕೆಲವು ವರದಿ ತಲುಪುತ್ತಿದ್ದವು, ಕೆಲವು ದಾರಿಯಲ್ಲೇ ಸಾಯುತ್ತಿದ್ದವು.

ಅಳಿಯ ಬಂದು ಲ್ಯಾಪ್‌ಟಾಪ್ ತೆರೆದ. "ನೋಡಿ ಮೇಡಂ, ಪಿಂಗ್ ಹೋಗ್ತಿದೆ. ಲೈಟೂ ಉರೀತಿದೆ. ಲೈನ್ ಪಕ್ಕಾ."

"ಪಿಂಗ್ ಅಂದ್ರೇನು?"

"ಇದೀಯಾ ಅಂತ ನಾವು ಕೇಳೋದು, ಇದೀನಿ ಅಂತ ಅದು ಹೇಳೋದು."

"ಅಷ್ಟೇನಾ? ಬಾಗಿಲಾಚೆ ನಿಂತು ಕೂಗಿದ್ರೆ ರೋಗೀನೂ ಇದೀನಿ ಅಂತಾನೆ. ಅಷ್ಟಕ್ಕೇ ಮನೆಗೆ ಕಳಿಸ್ತೀವಾ?"

ಅವನು ಕೇಬಲ್ ಬದಲಿಸಿದ, ರೀಸ್ಟಾರ್ಟ್ ಮಾಡಿದ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದ. ಕೊನೆಗೆ "ಯಂತ್ರಕ್ಕೆ ವಯಸ್ಸಾಗಿದೆ, ಹೊಸ ವ್ಯವಸ್ಥೆಗೆ ಹೊಂದುವುದಿಲ್ಲ" ಎಂದು ಬರೆದುಕೊಟ್ಟು ಕೈತೊಳೆದುಕೊಂಡ. ಆ ಒಂದು ಸಾಲನ್ನು ನೆಚ್ಚಿಕೊಂಡು ಆಡಳಿತ ಕಚೇರಿ ಮೂರು ತೀರ್ಮಾನ ಮಾಡಿತು. ಯಂತ್ರ ಗುಜರಿಗೆ, ರಕ್ತ ಹೊರಗಿನ ಲ್ಯಾಬಿಗೆ, ದೊಡ್ಡಕ್ಕ ದಾಖಲೆ ಕೋಣೆಗೆ. ನಿವೃತ್ತಿಗೆ ಉಳಿದಿದ್ದ ಎರಡು ವರ್ಷವನ್ನು ಆಕೆ ಸತ್ತವರ ಕಡತಗಳ ಧೂಳು ಕುಡಿಯುತ್ತ ಕಳೆಯಬೇಕಿತ್ತು.

ದೊಡ್ಡಕ್ಕ ಅಳಲಿಲ್ಲ, ಯಾರ ಕೈಕಾಲೂ ಹಿಡಿಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು, ಯಾವ ವರದಿ ಹೋಯಿತು, ಯಾವುದು ಹೋಗಲಿಲ್ಲ ಎಂದು ಐದು ದಿನ ಬರೆದಳು. ಬರೀ ಸಕ್ಕರೆ ಪ್ರಮಾಣದ ಒಂದು ಸಾಲಿನ ವರದಿ ಪ್ರತಿ ಸಲವೂ ತಲುಪಿತ್ತು. ಹಲವು ಪುಟಗಳ, ಗ್ರಾಫು ಇರುವ ವರದಿ ಮಾತ್ರ ಎಡವುತ್ತಿತ್ತು. ಇದನ್ನು ಅಳಿಯನ ಮುಂದೆ ಹಿಡಿದಳು.

"ಏನೋ ಹಾಗಾಗಿದೆ ಅಷ್ಟೆ ಮೇಡಂ" ಎಂದು ಅವನು ಕ್ಯಾಲೆಂಡರನ್ನು ತಿರುಗಿಸಿ ಮುಂಬದಿಯ ಹೂವಿನ ಚಿತ್ರ ನೋಡಿದ.

ಶುಕ್ರವಾರ ಗುಜರಿಯ ಫಾರಂ ಹಿಡಿದು ಸ್ಟೋರಿನ ಗುಮಾಸ್ತರು ಬಂದರು. ಸಹಿಗೆಂದು ಅಳಿಯನೂ ಬಂದ. ಫಾರಂಗೆ ಯಂತ್ರದ ಸ್ಟಾಕ್ ನಂಬರ್ ಬೇಕು. ಆ ಲೇಬಲ್ಲು ಯಂತ್ರದ ಬೆನ್ನಿಗೆ, "ಮುಟ್ಟಬೇಡಿ" ಎಂಬ ಹಳೆಯ ಚೀಟಿಯ ಮುಕ್ಕಾಲು ಭಾಗ ಮುಚ್ಚಿಕೊಂಡು ಕೂತಿತ್ತು. ಸ್ಟೋರಿನವರ ಕೆಲಸ ಅಂಟಿಸುವುದು. ಎಲ್ಲಿ, ಯಾವುದರ ಮೇಲೆ ಎಂದು ನೋಡುವುದು ಅವರ ಕೆಲಸದಲ್ಲಿ ಸೇರಿಲ್ಲ.

"ಜಿಡ್ಡು ಕಟ್ಟಿದೆ. ಏಳೋ ಒಂದೋ ಗೊತ್ತಾಗ್ತಿಲ್ಲ ದೊಡ್ಡಕ್ಕ" ಎಂದರು ಗುಮಾಸ್ತರು.

"ಸರ್ಕೊಳ್ಳಿ ಆಚೆ."

ಆಕೆ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿದಳು. ಜಿಡ್ಡಿನ ಜೊತೆ ಲೇಬಲ್ಲೂ ಸುರುಳಿಯಾಗಿ ಕೈಗೆ ಬಂತು. ಕೆಳಗಿನ ಚೀಟಿ ಪಾರದರ್ಶಕ ಟೇಪಿನಡಿ ಮಸುಕಾಗದೆ ಉಳಿದಿತ್ತು: "ಮುಟ್ಟಬೇಡಿ. ಸ್ಪೀಡು ನೂರು, ಫುಲ್ ಎಂದು ಫಿಕ್ಸ್ ಮಾಡಿದೆ. ಸ್ವಿಚ್ಚಿನ ಕಡೆಯೂ ಹೀಗೇ ಇರಲೇಬೇಕು." ಕೆಳಗೆ ಬಾಲ ಸುತ್ತಿಕೊಂಡ ಒಂದು ಸಹಿ. ಮಗಳ ಮದುವೆಯ ನೋಂದಣಿ ಪುಸ್ತಕದಲ್ಲಿ ಆಕೆ ಆ ಬಾಲವನ್ನು ನೋಡಿದ್ದಳು.

"ಇದು ಯಾರ ಸಹಿ, ಅಳಿಯಂದ್ರೇ?"

ಆಸ್ಪತ್ರೆಯೊಳಗೆ ಆಕೆ ಹಾಗೆ ಕರೆದದ್ದು ಅದೇ ಮೊದಲು. ಗುಮಾಸ್ತರು ಪೆನ್ನಿನ ಕ್ಯಾಪು ಮುಚ್ಚಿದರು.

"ಅತ್ತೆ... ಅದು ನಾನು ಹೊಸದಾಗಿ ಸೇರಿದಾಗ..."

"ಫುಲ್ ಅಂದ್ರೇನು? ಬಿಡಿಸಿ ಹೇಳಿ."

"ಹೇಳೋದು ಕೇಳೋದು ಎರಡೂ ಒಟ್ಟಿಗೇ ಮಾಡೋದು. ಹೊಸ ಸ್ವಿಚ್ಚು ಆ ಕಡೆಯವರನ್ನ ಕೇಳಿ ಹೊಂದಿಸ್ಕೊಳ್ಳತ್ತೆ. ಫಿಕ್ಸ್ ಮಾಡಿದ ಯಂತ್ರ ಅದಕ್ಕೆ ಉತ್ತರ ಕೊಡಲ್ಲ. ಆಗ ಸ್ವಿಚ್ಚು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ನಿರಬೇಕು ಅಂದ್ಕೊಳ್ಳತ್ತೆ. ಯಂತ್ರ ಸುಮ್ನಿರಲ್ಲ."

"ಸಣ್ಣ ಮಾತು ಹೇಗೋ ನುಸುಳತ್ತೆ, ದೊಡ್ಡದು ಡಿಕ್ಕಿ ಹೊಡೆಯತ್ತೆ."

"ಹೂಂ."

"ಅದನ್ನೇ ಐದು ದಿನ ಬರೆದು ತೋರಿಸಿದ್ದೆ. ನೀವು ಹೂವು ನೋಡಿದ್ರಿ."

ಹಿಂದೆ ಎರಡೂ ತುದಿಗಳನ್ನು ಫಿಕ್ಸ್ ಮಾಡಿದ್ದವನು ಅವನೇ. ಚೀಟಿ ಅಂಟಿಸಿದ್ದು ಮಾತ್ರ ಒಂದೇ ತುದಿಗೆ. ಚೀಟಿಯಿಲ್ಲದ ತುದಿಯನ್ನು, ಅಂದರೆ ಹಳೆಯ ಸ್ವಿಚ್ಚನ್ನು, ಹೋದ ತಿಂಗಳು ತಾನೇ ಕಿತ್ತು ಎಸೆದು, ತಪ್ಪನ್ನು ಯಂತ್ರದ ವಯಸ್ಸಿನ ಮೇಲೆ ಹೇರಿದ್ದ.

ಲ್ಯಾಪ್‌ಟಾಪಿನಲ್ಲಿ ಹೊಸ ಸ್ವಿಚ್ಚಿಗೂ ನೂರು, ಫುಲ್ ಎಂದು ಹಾಕಲು ಎರಡು ನಿಮಿಷ ಹಿಡಿಯಿತು. ದೊಡ್ಡಕ್ಕ ಅತಿ ದೊಡ್ಡ ವರದಿಯನ್ನೇ ಆರಿಸಿ ಕಳಿಸಿದಳು. ವಾರ್ಡಿನಿಂದ ಫೋನು ಬಂತು: ಗ್ರಾಫು ಸಮೇತ ತಲುಪಿದೆ. ಒಂಬತ್ತು ಸಲ ಕಳಿಸಿದಳು, ಒಂಬತ್ತೂ ತಲುಪಿದವು.

"ಫಾರಂ ಏನ್ಮಾಡ್ಲಿ?" ಎಂದರು ಗುಮಾಸ್ತರು.

"ವಯಸ್ಸಾಗಿದೆ ಅಂತ ಬರೆದವರು ಇಲ್ಲೇ ಇದ್ದಾರಲ್ಲ. ಹೊಡೆದುಹಾಕಿ ಕಾರಣ ಬರೀಲಿ."

ಅಳಿಯ ಬಗ್ಗಿ ಪಿಸುಗುಟ್ಟಿದ. "ಅತ್ತೆ, ಮನೇಲಿ ಹೇಳ್ಬೇಡಿ."

"ನನಗೇನು ಬೇರೆ ಕೆಲಸ ಇಲ್ವಾ? ಬರೀರಿ."

ಅವನು "ತಾಂತ್ರಿಕ ಗಮನದ ಕೊರತೆ" ಎಂದು ಬರೆದು ಪೆನ್ನು ಎತ್ತಿದ.

"ಯಾರದು?" ಎಂದಳು ದೊಡ್ಡಕ್ಕ.

ಅವನು ಮುಂದೆ ತನ್ನ ಹುದ್ದೆಯನ್ನು ಬರೆದು, ಬಾಲ ಸುತ್ತದೆ ಸಹಿ ಹಾಕಿದ. ಆಕೆ ಫಾರಂ ಓದಿ, ಗುಮಾಸ್ತರಿಗೆ ಕೊಟ್ಟು, ಮುಂದಿನ ಟ್ಯೂಬಿಗೆ ಕೈ ಹಾಕಿದಳು.