ಮುಂದೆ ಎಂಜಿನ್ ಇಲ್ಲದ ಕಾರು

ನನ್ನ ಕಾರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಅಭಿಪ್ರಾಯ ಹೇಳುತ್ತೀರಿ, ನನ್ನ ಬಳಿ ಈಗಾಗಲೇ ಸಾಕಷ್ಟಿವೆ. ಸೈಕಲ್ ಕೂಡ ತುಳಿಯದವರು ಕಾರಿನ ಬಗ್ಗೆ ಮಾತ್ರ ಧಾರಾಳವಾಗಿ ಮಾತಾಡುತ್ತಾರೆ. ಹೆಣ್ಣು ನೋಡಲು ಬಂದವರು ಸಹ ಅಂಗಳದಲ್ಲಿ ನಿಂತ ಕಾರನ್ನು ಒಂದು ಸುತ್ತು ಹಾಕಿ, ಟೈರನ್ನು ಕಾಲಲ್ಲಿ ಒಮ್ಮೆ ತಟ್ಟಿ, ಆಮೇಲೆ ಒಳಗೆ ಬಂದು ಹೆಣ್ಣನ್ನು ನೋಡುತ್ತಾರೆ.

ನಮ್ಮ ಮನೆ ಇರುವುದು ಹೊಳೆನರಸೀಪುರದಲ್ಲಿ, ನಾನು ಇತಿಹಾಸ ಪಾಠ ಮಾಡುವ ಕಾಲೇಜು ಇರುವುದು ಹಾಸನದಲ್ಲಿ. ಬಸ್ಸಿನಲ್ಲಿ ಒಂದೇ ಕಾಲ ಮೇಲೆ ನಿಂತು ಓಡಾಡಿ ಸಾಕಾಗಿತ್ತು. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಕಾರನ್ನು ಅಗ್ಗಕ್ಕೆ ಕೊಡುತ್ತೇನೆಂದಾಗ ನೋಡದೆಯೇ ಒಪ್ಪಿಕೊಂಡೆ. ನೋಡಿದ್ದು ಆಮೇಲೆ. ಉದ್ದಕ್ಕೆ ಗಿಡ್ಡ, ಮೇಲಕ್ಕೆ ಎತ್ತರ. ಮೂಗು ಇಲ್ಲವೇ ಇಲ್ಲ ಎನ್ನುವಷ್ಟು ಮೊಂಡು. ಬಣ್ಣ ಅರಿಶಿನ. ಗಾಜು ಒರೆಸಲು ಒಂದೇ ವೈಪರ್. ಎಂಜಿನ್ ಹಿಂದಿನ ಸೀಟಿನ ಕೆಳಗೆಲ್ಲೋ ಅಡಗಿ ಕೂತಿದೆ. ಮುಂದಿನ ಬಾನೆಟ್ ಎತ್ತಿದರೆ ಪೆಟ್ರೋಲ್ ಹಾಕುವ ಬಾಯಿ, ಅದರ ಪಕ್ಕದಲ್ಲಿ ನನ್ನ ಕೊಡೆ ಮತ್ತು ಬುತ್ತಿ ಇಡುವಷ್ಟು ಜಾಗ. ಮೊದಲ ಸಲ ಪೆಟ್ರೋಲ್ ಬಂಕಿಗೆ ಹೋಗಿ ಬಾನೆಟ್ ಎತ್ತಿದಾಗ, ಗಾಡಿ ಕಾದಿದೆ ಎಂದುಕೊಂಡು ಅಲ್ಲಿದ್ದವನು ಒಂದು ಬಕೆಟ್ ನೀರು ತಂದು ನನ್ನೆದುರು ಇಟ್ಟ.

ಎಲ್ಲರಿಗಿಂತ ಹೆಚ್ಚು ಅವಮಾನವಾದದ್ದು ನನ್ನ ಮೈದುನ ಮಹೇಶನಿಗೆ. ತೋಟಗಳಿಗೆ ಹನಿ ನೀರಾವರಿಯ ಪೈಪು ಮಾರುವುದು ಅವನ ವ್ಯಾಪಾರ, ಕಾರು ಅವನ ಧ್ಯಾನ. ಅವನ ಕಾರು ಒಳ್ಳೆ ಎತ್ತರದ ಕಪ್ಪು ಗಾಡಿ. ಹತ್ತಲು ಪಕ್ಕದಲ್ಲಿ ಮೆಟ್ಟಿಲೇ ಇದೆ. ಪ್ರತಿ ಭಾನುವಾರ ಚನ್ನರಾಯಪಟ್ಟಣದ ಬೈಪಾಸಿನ ಒಂದು ಹೋಟೆಲಿನ ಮುಂದೆ ಅವನಂಥ ಕಾರುಪ್ರಿಯರು ಸೇರುತ್ತಾರೆ. ತಟ್ಟೆ ಇಡ್ಲಿ ತಿನ್ನುತ್ತಾ ಒಬ್ಬರ ಗಾಡಿಯನ್ನು ಇನ್ನೊಬ್ಬರು ಮೈದಡವಿ ನೋಡುತ್ತಾರೆ. ದೇವಸ್ಥಾನಕ್ಕೂ ಅಷ್ಟು ತಪ್ಪದೆ ಹೋಗುವವರನ್ನು ನಾನು ಕಂಡಿಲ್ಲ.

"ಅತ್ತಿಗೆ, ಇದು ಕಾರಲ್ಲ, ಗೋಡೆ ಕಟ್ಟಿರೋ ಆಟೋ," ಎಂದ ಮಹೇಶ. "ಈ ಭಾನುವಾರ ಚನ್ನರಾಯಪಟ್ಟಣಕ್ಕೆ ತಗೊಂಡ್ಬನ್ನಿ. ಬಲ್ಲವರು ನಾಲ್ಕು ಜನ ನೋಡ್ಲಿ. ಅವ್ರು ಬ್ಯಾಡ ಅಂದ್ರೆ ಅಲ್ಲೇ ಕೊಟ್ಬುಡಿ. ಹಳೇ ಗಾಡಿ ತಗೋಳೋನೂ ಅಲ್ಲಿಗೆ ಬತ್ತಾನೆ."

ಆಗಲಿ ಎಂದೆ. ನಿಜ ಹೇಳಬೇಕೆಂದರೆ ನನಗೂ ಅಳುಕು ಶುರುವಾಗಿತ್ತು. ಕಾಲೇಜಿನಲ್ಲಿ ಎಲ್ಲರ ಕಾರುಗಳೂ ಸಾಲಾಗಿ ನಿಂತರೆ ನನ್ನದು ಬೇವಿನ ಮರದ ಹಿಂದೆ ನಿಲ್ಲುತ್ತಿತ್ತು. ನೆರಳಿಗೆ ಎಂದು ಹೇಳಿಕೊಳ್ಳುತ್ತಿದ್ದೆ.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಎಪ್ಪತ್ತು ದಾಟಿದ ಅವರಿಗೆ ಮಂಡಿನೋವು. ಎರಡೂ ಮಂಡಿಯನ್ನು ಹೆಚ್ಚು ಬಾಗಿಸಲು ಆಗುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಸಲ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮಹೇಶ ತಾಯಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ತನ್ನ ಕಾರಿನಲ್ಲಿ ಕೂರಿಸಿದ್ದ, ಆಸ್ಪತ್ರೆಯ ಬಾಗಿಲಲ್ಲಿ ಹಾಗೆಯೇ ಎತ್ತಿ ಇಳಿಸಿದ್ದ. ನೋಡಿದವರೆಲ್ಲ ಎಂಥ ಮಗ ಎಂದು ಹೊಗಳಿದ್ದರು. ಅದಾದ ಮೇಲೆ ಅತ್ತೆ ಎಲ್ಲಿಗೂ ಬರುವುದನ್ನು ನಿಲ್ಲಿಸಿಬಿಟ್ಟರು. ವರ್ಷವರ್ಷವೂ ತಪ್ಪದೆ ಹೋಗುತ್ತಿದ್ದ ರಾಮನಾಥಪುರದ ಹೊಳೆಗೂ ಇಲ್ಲ, ನೆಂಟರ ಮದುವೆಗೂ ಇಲ್ಲ. ಕರೆದರೆ, "ಟೀವೀಲೇ ಎಲ್ಲಾ ದೇವ್ರೂ ಬತ್ತವೆ, ನಾನ್ಯಾಕೆ ಓಗ್ಲಿ," ಎನ್ನುತ್ತಿದ್ದರು. ವಯಸ್ಸಾಯಿತು, ಉತ್ಸಾಹ ಇಳಿಯಿತು ಎಂದು ನಾವು ತಿಳಿದುಕೊಂಡೆವು.

ಅವರೆಕಾಯಿ ಕಾಲ. ಆ ಶನಿವಾರ ಬಿಸಿಲಿತ್ತು, ಚಳಿಗಾಳಿಯೂ ಇತ್ತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅತ್ತೆ ಅಂಗಳದಲ್ಲಿ ನನ್ನ ಕಾರಿನ ಬಾಗಿಲು ತೆಗೆದಿದ್ದಾರೆ. ಮೊದಲು ಅವರೆಕಾಯಿಯ ಮಂಕರಿಯನ್ನು ಒಳಗಿಟ್ಟರು. ಆಮೇಲೆ ಕಾರಿಗೆ ಬೆನ್ನು ಮಾಡಿ ನಿಂತು, ಜಗಲಿಯ ಮೇಲೆ ಕೂರುವಂತೆ ಸುಮ್ಮನೆ ಕೂತರು. ಬಗ್ಗಲಿಲ್ಲ, ಏರಲಿಲ್ಲ. ಒಂದು ಕಾಲನ್ನು ಕೈಯಿಂದ ಹಿಡಿದು ಒಳಗೆ ತಂದುಕೊಂಡರು, ಇನ್ನೊಂದನ್ನೂ ಹಾಗೆಯೇ ತಂದುಕೊಂಡರು. ಬಾಗಿಲು ಎಳೆದುಕೊಂಡರು. ಗಾಳಿ ಹೊರಗೆ ಉಳಿಯಿತು, ಬಿಸಿಲು ಒಳಗೆ ಬಂತು. ಕಾಯಿ ಸುಲಿಯತೊಡಗಿದರು.

ಒಲೆಯ ಮೇಲೆ ಹಾಲು ಉಕ್ಕಿತು. ನಾನು ನೋಡುತ್ತಲೇ ಇದ್ದೆ. ಎರಡು ವರ್ಷದಿಂದ ಯಾರ ಕಾರನ್ನೂ ತಾವಾಗಿ ಹತ್ತದ ಹೆಂಗಸು ನನ್ನ ಗೋಡೆ ಕಟ್ಟಿದ ಆಟೋದೊಳಗೆ ಒಬ್ಬರೇ ಹೋಗಿ ಕೂತು, ಸೆರಗಿನ ತುಂಬ ಅವರೆಕಾಳು ಸುರಿದುಕೊಂಡು, ಏನೋ ಗುನುಗುತ್ತಿದ್ದರು. ಆ ಸೀಟಿನ ಎತ್ತರವನ್ನು ಯಾರು ಗೊತ್ತುಮಾಡಿದರೋ, ಎಲ್ಲಿ ಕೂತು ಗೊತ್ತುಮಾಡಿದರೋ ನನಗೆ ತಿಳಿಯದು. ಅವರಿಗೆ ನನ್ನ ಅತ್ತೆಯ ಮಂಡಿ ಹೇಗೆ ಗೊತ್ತಿತ್ತು ಎಂದು ಬೆರಗಾಯಿತು.

ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅತ್ತೆ ರೇಷ್ಮೆ ಸೀರೆ ಉಟ್ಟು, ಎಲೆಅಡಿಕೆಯ ಚೀಲ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಾಗಿತ್ತು.

"ಎಲ್ಲಿಗೆ ಅತ್ತೆ?"

"ನೀ ಓಗೋ ತಾವಿಗೆ ಕಣಮ್ಮಿ."

ಮಹೇಶ ಮುಂಚೆಯೇ ತನ್ನ ಗಾಡಿಯಲ್ಲಿ ಹೋಗಿದ್ದ. ದಾರಿಯುದ್ದಕ್ಕೂ ಲಾರಿ, ಬಸ್ಸು, ಬೈಕು, ಹುಲ್ಲು ತುಂಬಿದ ಟ್ರಾಕ್ಟರು ಎಲ್ಲವೂ ನಮ್ಮನ್ನು ಹಿಂದೆ ಹಾಕಿದವು. ಅತ್ತೆ ಅವಕ್ಕೆಲ್ಲ, ಓಗ್ಲಿ ಬುಡು ಓಗ್ಲಿ ಬುಡು ಎಂದು ಅಪ್ಪಣೆ ಕೊಡುತ್ತಿದ್ದರು.

ಹೋಟೆಲಿನ ಮುಂದೆ ನಾನು ಕಾರು ನಿಲ್ಲಿಸಿದೊಡನೆ ಕಾರುಪ್ರಿಯರು ಸುತ್ತುಗಟ್ಟಿದರು. ಅತ್ತೆ ಒಳಗೇ ಕೂತು, ಗಾಜು ಇಳಿಸಿಕೊಂಡು, ತೊಟ್ಟಿಲು ನೋಡಲು ಬಂದವರನ್ನು ಬಾಣಂತಿ ನೋಡುವ ಹಾಗೆ ಎಲ್ಲರನ್ನೂ ನೋಡುತ್ತಿದ್ದರು. ಒಬ್ಬ ಬಾನೆಟ್ ಎತ್ತಿ, ಕೊಡೆ ಕಂಡು, ಮೆತ್ತಗೆ ಮುಚ್ಚಿದ. ಇನ್ನೊಬ್ಬ ಬಗ್ಗಿ ಚಕ್ರ ನೋಡಿ, ಇದರಲ್ಲಿ ಇರಬೇಕಾದಷ್ಟು ನಟ್ಟುಗಳಿಲ್ಲ ಎಂದ. ತಿರುವಿನಲ್ಲಿ ತೂಗುತ್ತದೆ ಎಂದು ಒಬ್ಬ, ಇದು ತಿರುವಿನಲ್ಲಿ ತೂಗುವಷ್ಟು ವೇಗವನ್ನೇ ಮುಟ್ಟುವುದಿಲ್ಲ ಎಂದು ಮತ್ತೊಬ್ಬ. ಹೆದ್ದಾರಿಗೆ ಆಗದು, ಪೇಟೆಗೆ ಆದೀತು. ಪೇಟೆಗೂ ಮರ್ಯಾದೆಯಲ್ಲ. ಸ್ಕೂಟರಿನಲ್ಲಿ ಮಳೆಗೆ ನೆನೆಯುವ ಸಂಸಾರಕ್ಕೆ ಮಾತ್ರ ಸರಿ. ಆ ಕೊನೆಯ ಮಾತನ್ನು ಹೇಳಿದವನು ಅದನ್ನು ಬೈಗುಳವೆಂದೇ ಹೇಳಿದ. ಯೋಚಿಸಿದರೆ ಒಂದು ಕಾರಿಗೆ ಅದಕ್ಕಿಂತ ಒಳ್ಳೆಯ ಬಿರುದು ಬೇರೆ ಯಾವುದಿದೆ ಎಂದು ನನಗನ್ನಿಸಿತು.

ಅಷ್ಟರಲ್ಲಿ ನಂಜೇಗೌಡರು ಬಂದರು. ತೆಂಗಿನ ವ್ಯಾಪಾರದ ದೊಡ್ಡ ಕುಳ. ಕೊಬ್ಬರಿ ಇಡುವ ಶೆಡ್ಡಿನಲ್ಲಿ ಹಳೆಯ ಕಾಲದ ಕಾರುಗಳನ್ನು ಬಟ್ಟೆ ಹೊದಿಸಿ ಸಾಕುವವರು. ಆ ಗುಂಪಿನಲ್ಲಿ ಅವರ ಮಾತೇ ಕೊನೆಯ ಮಾತು. ಎಲ್ಲರೂ ನಗಲು ಸಿದ್ಧರಾಗಿ ದಾರಿ ಬಿಟ್ಟರು. ಗೌಡರು ಕನ್ನಡಕ ಹಾಕಿಕೊಂಡು ಕಾರನ್ನು ಸುತ್ತಿದರು. ಪಂಚೆ ಎತ್ತಿಕಟ್ಟಿ, ಹೋಟೆಲಿನವನಿಂದ ಒಂದು ಚೀಲ ಈಸಿಕೊಂಡು ಹಾಸಿ, ಕಾರಿನ ಹಿಂಬದಿಯಲ್ಲಿ ಮಲಗಿಯೇಬಿಟ್ಟರು. ಅವರ ಬಿಳಿ ಅಂಗಿಯ ಮೇಲೆಯೇ ಎಲ್ಲರ ಕಣ್ಣು. ಬಹಳ ಹೊತ್ತಾದ ಮೇಲೆ ಎದ್ದು, ಮೈ ಕೊಡವಿಕೊಂಡು, ಅರಿಶಿನ ಬಣ್ಣದ ತಗಡಿನ ಮೇಲೆ ಅಂಗೈ ಇಟ್ಟರು.

"ಏನ್ ಸಾ, ಎಂಗದೆ?" ಎಂದು ಒಬ್ಬ ನಗುತ್ತಲೇ ಕೇಳಿದ.

"ನನ್ನ ತಾವ ಇರೋ ಕಾರ್‌ಗಳಲ್ಲೆಲ್ಲ ಏನೇನ್ ಸೇರಿಸವ್ರೆ ಅಂತ ನೋಡಿದ್ದೀನಿ," ಎಂದರು ಗೌಡರು. "ಇದ್ರಲ್ಲಿ ಏನೇನ್ ಬುಟ್ಟವ್ರೆ ಅಂತ ನೋಡ್ದೆ. ಸೇರ್ಸಾದು ಯಾರ್ ಬೇಕಾದ್ರೂ ಮಾಡ್ತಾರೆ ಕಣ್ರಪ್ಪ. ಇಷ್ಟೊಂದು ಬುಟ್ಟೂ ನಾಕು ಜನ ಕೂರೋ ಅಂಗೆ ನಿಲ್ಸಾದು ಅಂದ್ರೆ ತಮಾಸೆ ಅಲ್ಲ."

ಇತಿಹಾಸದ ಮೇಷ್ಟರಿಗೆ ಇಂಥ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾಗುವುದಿಲ್ಲ. ನಾನು ದಿನಾ ಹೋಗುವ ದಾರಿಯಲ್ಲಿ ಮೊಸಳೆ ಎಂಬ ಊರಿದೆ. ಅಲ್ಲಿನ ಜೋಡಿ ಗುಡಿಗಳಲ್ಲಿ ಹೊಯ್ಸಳರ ಶಿಲ್ಪಿಗಳು ಬೆರಳಗಲ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಬಳ್ಳಿಯೊಳಗೆ ಬಳ್ಳಿ, ಸರದೊಳಗೆ ಸರ. ಚನ್ನರಾಯಪಟ್ಟಣದಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಬೆಳಗೊಳದ ಬೆಟ್ಟದ ಮೇಲೆ ಇನ್ನೊಬ್ಬ ನಿಂತಿದ್ದಾನೆ. ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಮೈಮೇಲೆ ಹಬ್ಬಿದ ಬಳ್ಳಿಯೊಂದು ಬಿಟ್ಟರೆ ಬೇರೆ ಒಡವೆಯಿಲ್ಲ. ಎರಡನ್ನೂ ಕಂಡು ಕೈ ಮುಗಿಯುವ ನಾವು, ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಹೊಯ್ಸಳರಾಗಿಬಿಡುತ್ತೇವೆ. ನನ್ನ ಪುಟ್ಟ ಕಾರನ್ನು ಗೊಮ್ಮಟನಿಗೆ ಹೋಲಿಸಿದ್ದು ಅತಿಯಾಯಿತೆಂದು ನನಗೂ ಗೊತ್ತು. ಆದರೆ ಆ ಘಳಿಗೆಯಲ್ಲಿ ಅದು ನಿಜವಾಗಿಯೂ ಒಂದು ಗೇಣು ಎತ್ತರವಾದಂತೆ ಕಂಡಿತು.

ಹಳೆಯ ಗಾಡಿ ಕೊಳ್ಳುವವನಿಗೆ ಈ ತತ್ವದಿಂದ ಏನೂ ಆಗಬೇಕಿರಲಿಲ್ಲ. ಒಂದು ಸುತ್ತು ಓಡಿಸಿ ನೋಡಿ ತೆಗೆದುಕೊಳ್ಳುತ್ತೇನೆ ಎಂದ. ಮಹೇಶ ಉತ್ಸಾಹದಿಂದ ಬೀಗದ ಕೈಗೆ ಕೈ ಚಾಚಿದ. ನಾನು ಕೊಟ್ಟೂಬಿಟ್ಟೆ. ಮಾತು ಮಾತೇ ಅಲ್ಲವೇ.

"ಅವ್ವ, ಒಸಿ ಇಳಿಯವ್ವ, ಎತ್ಕತೀನಿ," ಎನ್ನುತ್ತಾ ಮಹೇಶ ಬಾಗಿಲು ತೆಗೆದು ಎರಡೂ ತೋಳು ಮುಂದೆ ಮಾಡಿದ.

"ದಾರಿ ಬುಡ್ಲಾ," ಎಂದರು ಅತ್ತೆ.

ಒಂದು ಕಾಲನ್ನು ಹೊರಗಿಟ್ಟರು. ಇನ್ನೊಂದನ್ನು ಕೈಯಿಂದ ಎತ್ತಿ ಪಕ್ಕದಲ್ಲಿಟ್ಟರು. ಬಾಗಿಲನ್ನು ಹಿಡಿದು, ಜಗಲಿಯಿಂದ ಏಳುವ ಹಾಗೆ ಎದ್ದು, ಅಷ್ಟು ಜನರ ನಡುವೆ ಸೆರಗು ಸರಿಮಾಡಿಕೊಂಡು ನಿಂತರು. ಮಹೇಶನ ತೋಳುಗಳು ಚಾಚಿದ್ದು ಚಾಚಿದಂತೆಯೇ ಇದ್ದವು. ಅವನಿಗೆ ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನನ್ ಗಾಡೀಗೆ ಯಾಕ್ ಬರಾಕಿಲ್ಲ ಅಂತ ಒಂದು ಮಾತು ಏಳ್ಬಾರ್ದಿತ್ತಾ ಅವ್ವ?" ಎಂದ ಕೊನೆಗೆ, ಸಣ್ಣ ದನಿಯಲ್ಲಿ.

"ಏನಂತ ಏಳ್ಳಿ? ನೀನು ಆಸೆಯಿಂದ ಎತ್ತುತಿದ್ದೆ. ಎತ್ಬ್ಯಾಡ ಅಂದ್ರೆ ನೊಂದ್ಕತಿದ್ದೆ." ಅತ್ತೆ ಅವನ ಅಂಗಿಯ ಮೇಲಿನ ಧೂಳು ತಟ್ಟಿದರು. "ಬೀದೀಲಿ ಮೂಟೆ ಆಗಾಕೆ ನಂಗೆ ನಾಚ್ಕೆ ಕಣ್ ಮಗ."

ನಂಜೇಗೌಡರು ಇನ್ನೊಂದು ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಮಹೇಶ ಬೀಗದ ಕೈಯನ್ನು ಗಾಡಿ ಕೊಳ್ಳುವವನಿಗೆ ಕೊಡದೆ ನನ್ನ ಕೈಗೆ ವಾಪಸು ಇಟ್ಟ. ಇವತ್ತು ಬೇಡ ಎಂದು ಅವನಿಗೆ ಹೇಳಿದ. ಯಾವತ್ತು ಬರಲಿ ಎಂದು ಅವನು ಕೇಳುವಷ್ಟರಲ್ಲಿ ಮಹೇಶ ತಾಯಿಗೆ ಕಾರಿನ ಬಾಗಿಲು ಹಿಡಿದು ನಿಂತಿದ್ದ.

"ಇಲ್ಲೀಗಂಟ ಬಂದಿದ್ದಾಯ್ತು," ಎಂದರು ಅತ್ತೆ ಮತ್ತೆ ಬೆನ್ನು ತಿರುಗಿಸಿ ಕೂರುತ್ತಾ. "ರಾಮನಾಥಪುರಕ್ಕೆ ಓಗಾನ ನಡೀರಿ."

ಚನ್ನರಾಯಪಟ್ಟಣದಿಂದ ರಾಮನಾಥಪುರ ಪಕ್ಕದ ಬೀದಿಯಲ್ಲ, ಜಿಲ್ಲೆಯ ಇನ್ನೊಂದು ಕೊನೆ. ಆದರೂ ಮಹೇಶ ತನ್ನ ಕಪ್ಪು ಗಾಡಿಯನ್ನು ಹೋಟೆಲಿನವರ ವಶಕ್ಕೆ ಒಪ್ಪಿಸಿ, ತಲೆ ತಗ್ಗಿಸಿ ನನ್ನ ಕಾರಿನ ಹಿಂದಿನ ಸೀಟಿಗೆ ಬಂದು ಕೂತ. ಕೂತ ಮೇಲೆ ತಲೆ ಎತ್ತಿ ನೋಡಿದ. ಮೇಲೆ ಇನ್ನೂ ಒಂದು ಹಿಡಿ ಜಾಗವಿತ್ತು. ಹೊಳೆನರಸೀಪುರ ದಾಟಿತು, ಅರಕಲಗೂಡು ದಾಟಿತು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನುಗಳು ಕಾಣತೊಡಗಿದವು. ಅತ್ತೆ ಪ್ರತಿ ಊರಿನಲ್ಲೂ ಇಂಥವರ ಮನೆ ಇಲ್ಲಿತ್ತು, ಅಲ್ಲೊಂದು ಆಲದ ಮರ ಇತ್ತು ಎಂದು ತೋರಿಸುತ್ತಾ ಬಂದರು. ಎರಡು ವರ್ಷದ ಮಾತು ಒಟ್ಟಿಗೆ ಹೊರಟಿತ್ತು. ಎಂಜಿನ್ ಹಿಂದಿನಿಂದ ಗೊರಗುಟ್ಟುತ್ತಾ ಅದಕ್ಕೆಲ್ಲ ಹೂಂಗುಟ್ಟುತ್ತಿತ್ತು.

ಹೊಳೆಯ ಹತ್ತಿರ ಅತ್ತೆ ತಾವೇ ಇಳಿದರು. ಪಕ್ಕದ ಅಂಗಡಿಯಲ್ಲಿ ಮೀನಿಗೆ ಹಾಕಲು ಕಡ್ಲೆಪುರಿ ಕೊಂಡರು. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಕೂಡಿಸಿ, ನಿಧಾನವಾಗಿ ಇಳಿಯತೊಡಗಿದರು. ನನಗೆ ತಡೆಯಲಾಗಲಿಲ್ಲ, ಹಿಡಿದುಕೊಳ್ಳಲೆಂದು ಮುಂದೆ ಹೆಜ್ಜೆ ಇಟ್ಟೆ. ಹಿಂದಿನಿಂದ ಮಹೇಶ ಮೆಲ್ಲಗೆ, "ಬ್ಯಾಡಿ ಅತ್ತಿಗೆ," ಎಂದ.

ನಾವಿಬ್ಬರೂ ಮೇಲೆಯೇ ನಿಂತು ನೋಡಿದೆವು. ಕೊನೆಯ ಮೆಟ್ಟಿಲಲ್ಲಿ ಅವರ ಪಾದದ ಮೇಲೆ ನೀರು ಹರಿಯಿತು. ಅವರು ಕಂಬಿ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತಿದ್ದರು. ಆಮೇಲೆ ಪುರಿ ಎರಚಿದರು. ಕಾವೇರಿಯ ನೀರು ಅಲ್ಲಿ ಕಪ್ಪಗೆ ಕುದಿದಂತಾಗಿ, ತೋಳುದ್ದದ ಮೀನುಗಳು ಒಂದರ ಮೇಲೊಂದು ಮೇಲೆದ್ದವು.

"ಬನ್ರೋ, ಮೀನು ನೋಡಿ," ಎಂದು ಕೂಗಿದರು.

ಮಹೇಶ ಚಪ್ಪಲಿ ಬಿಟ್ಟು ದಡದಡನೆ ಇಳಿದ. ಕೊನೆಯ ಮೆಟ್ಟಿಲ ಪಾಚಿಯ ಮೇಲೆ ಕಾಲು ಜಾರಿತು. ಅತ್ತೆ ಕಂಬಿಯನ್ನು ಬಿಡದೆ ಇನ್ನೊಂದು ಕೈಯನ್ನು ಅವನತ್ತ ಚಾಚಿದರು.

"ಮೆಲ್ಲಕ್ಕೆ ಕಣ್ಲಾ. ಇಡ್ಕೊ."

ಅವನು ಹಿಡಿದುಕೊಂಡ.