ಶ್ರೀಲಂಕಾ ವ್ಯಾನಿಗೆ ಈರುಳ್ಳಿ ಪರೀಕ್ಷೆ

ಗುಂಡ್ಲುಪೇಟೆ ತಾಲ್ಲೂಕಿನ ಸಮಸ್ತ ಮಿತ್ರವೃಂದಕ್ಕೂ ಬಂಡೀಪುರದ ಆನೆಗಳಿಗೂ ಸಾಷ್ಟಾಂಗ ನಮಸ್ಕಾರಗಳು.

ಶ್ರೀಲಂಕಾ ಪ್ರವಾಸಕ್ಕೆ ಅಲ್ಲಿ ಯಾವ ಬಾಡಿಗೆ ಗಾಡಿ ಹಿಡಿಯಬೇಕೆಂದು ತೀರ್ಮಾನಿಸಲು ಇಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಮಹಾಸಭೆ ನಡೆಯಿತು. ನಮ್ಮ ಆರು ಜನ ಗೆಳೆಯರಿಗೆ ಒಂದು ವ್ಯಾನ್ ಸಾಕೆಂದ ಇಮ್ರಾನ್. ರಾಗಿಹಿಟ್ಟು, ಕುಕ್ಕರ್, ಮುದ್ದೆಕೋಲೂ ಬರುವುದರಿಂದ ಎರಡು ಕಾರೇ ಬೇಕೆಂದ ಮಲ್ಲೇಶ.

"ಎರಡು ಗಾಡಿ ಆದ್ರೆ ಅದು ಎರಡು ಟೂರು ಕಣ್ಲಾ. ನಾನ್ ಬರಲ್ಲ, ಬುಡು," ಎಂದು ಇಮ್ರಾನ್ ಮುನಿಸಿಕೊಂಡು ಎದ್ದೇಬಿಟ್ಟ.

ನಾನು ಮೊಬೈಲಿನಲ್ಲಿ ತೋರಿಸಿದ ಶ್ರೀಲಂಕಾ ವ್ಯಾನಿನ ಚಿತ್ರವನ್ನು ಮಲ್ಲೇಶ ದಿಟ್ಟಿಸಿದ. "ಎಂಟು ಸೀಟು ಅಂದ್ರೆ ನಂಗೊತ್ತಾಗಕಿಲ್ಲ. ಎಷ್ಟು ಮೂಟೆ ಹಿಡಿತದೆ, ಅದ ಯೋಳು."

ನಮ್ಮ ಮನೆಯ ವ್ಯಾನೂ ಅದೇ ಅಳತೆಯದು, ಹಾಕಿಯೇ ನೋಡಿಬಿಡಿ ಎಂದು ನಾನು ಗಂಭೀರವಾಗಿ ಅಪ್ಪಣೆ ಕೊಟ್ಟೆ. ಇಬ್ಬರೂ ಹಿಂದಿನ ಸೀಟು ಮಡಚಿ, ಹಟಕ್ಕೆ ಬಿದ್ದು ನಮ್ಮ ಅಂಗಳದಲ್ಲಿದ್ದ ಹನ್ನೆರಡು ಮೂಟೆ ಈರುಳ್ಳಿ ತುಂಬಿದರು.

"ಇಷ್ಟು ಹಿಡಿದ್ರೆ ಒಂದೇ ಸಾಕು ಕಣ," ಎಂದು ಮಲ್ಲೇಶ ಬೆವರೊರೆಸಿಕೊಂಡು ಒಪ್ಪಿದ.

"ನಾವೆಲ್ಲಿ ಕೂರದ್ಲಾ?" ಎಂದ ಇಮ್ರಾನ್.

"ಮೂಟೆ ಮ್ಯಾಲೆ!"

ಇಮ್ರಾನ್ ನಕ್ಕುಬಿಟ್ಟ. ಪ್ರವಾಸ ಉಳಿಯಿತು.

ಒಂದು ಚಿಕ್ಕ ತಪ್ಪೊಪ್ಪಿಗೆ. ಶ್ರೀಲಂಕಾದ ವ್ಯಾನನ್ನು ನಾನು ಹೋದ ವಾರವೇ ಬುಕ್ ಮಾಡಿಯಾಗಿತ್ತು. ಆ ಮೂಟೆಗಳನ್ನು ಮಾರ್ಕೆಟ್ಟಿಗೆ ಒಯ್ಯಲು ವ್ಯಾನಿಗೆ ತುಂಬಿಡು ಎಂದು ಅಪ್ಪ ಬೆಳಿಗ್ಗೆಯಿಂದ ನನ್ನನ್ನು ಬೈಯುತ್ತಿದ್ದರು.