ಎಲ್ಲರ ಹಿಂದೆ ಪರ್ಕಳ

ನಾನು ಚಿಕ್ಕವಳಿದ್ದಾಗ ನನ್ನಷ್ಟು ಚೆಂದವಾಗಿ ಹೆಜ್ಜೆ ಹಾಕುವವರು ಇಡೀ ಪರ್ಕಳದಲ್ಲಿ ಇನ್ನೊಬ್ಬರು ಇರಲಿಲ್ಲ. ಅಜ್ಜಿಗೆ ಜಂಬ ಎನ್ನಬೇಡಿ ಮಕ್ಕಳೇ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಈಗ ಮೆಟ್ಟಿಲು ಹತ್ತುವಾಗ ನಿಮ್ಮ ಭುಜ ಹಿಡಿಯುತ್ತೇನಲ್ಲ, ಅದೇ ಕಾಲುಗಳ ಕಥೆ ಇದು.

ಆಗ ನಾವು ಗದಗದ ಕಡೆಯಿಂದ ಪರ್ಕಳಕ್ಕೆ ಬಂದು ಬಹಳ ಕಾಲವೇನೂ ಆಗಿರಲಿಲ್ಲ. ಅಪ್ಪ, ಅಂದರೆ ನಿಮ್ಮ ಮುತ್ತಜ್ಜ, ಮಣಿಪಾಲದಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಅವ್ವನೂ ಅಲ್ಲೇ ಮರಳು ಹೊರುತ್ತಿದ್ದಳು. ನನ್ನ ಜಡೆ ಹೆಣೆಯುವುದು, ಊಟ ಹಾಕುವುದು, ಬೈಯುವುದು ಎಲ್ಲ ಅಕ್ಕನ ಕೆಲಸ. ನಮ್ಮದು ಬಾಡಿಗೆಯ ಒಂದೇ ಕೋಣೆ. ಸಂಜೆ ಅಪ್ಪ ಬಂದರೆ ಕೋಣೆಯ ತುಂಬ ಹಸಿ ಸಿಮೆಂಟಿನ ವಾಸನೆ. ಯಾವ ಸಭೆಗೆ ಹೋದರೂ ಅವನು ಗೋಡೆಗೆ ಒರಗಿ ಹಿಂದೆಯೇ ನಿಲ್ಲುತ್ತಿದ್ದ. ಬೇರೆ ಊರಿಂದ ದುಡಿಯಲು ಬಂದವರು ಮುಂದೆ ಬಂದು ನಿಲ್ಲಬಾರದು ಎನ್ನುವುದು ಅವನ ಲೆಕ್ಕ.

ಈಗ್ಗೆ ಐವತ್ತು ವರ್ಷಗಳ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ದೂರದ ಸಿಡ್ನಿಯಲ್ಲಿ ಒಲಿಂಪಿಕ್ಸ್ ನಡೆಯಿತು. ನಮ್ಮ ಶಾಲೆಯ ಎದುರಿನ ದಿನಸಿ ಅಂಗಡಿಯಲ್ಲಿ ಒಂದು ದೊಡ್ಡ ಟಿ.ವಿ. ಇತ್ತು. ಅಂಗಡಿಯ ಕಾಕಾನ ತಮ್ಮ ಗಲ್ಫಿನಿಂದ ತಂದದ್ದು. ಉದ್ಘಾಟನೆಯ ದಿನ ಮಧ್ಯಾಹ್ನ ಪಿ.ಟಿ. ಮಾಷ್ಟ್ರು ನಮ್ಮನ್ನು ಸಾಲಾಗಿ ರಸ್ತೆ ದಾಟಿಸಿ ಅಲ್ಲಿಗೆ ಕರೆದೊಯ್ದರು. "ಮೂಟೆ ಮೇಲೆ ಬೇಕಾದ್ರೆ ಕೂತುಕೊಳ್ಳಿ, ಬೆಲ್ಲಕ್ಕೆ ಮಾತ್ರ ಕೈ ಹಾಕಬಾರದು, ಆಯ್ತಾ?" ಎಂದರು ಕಾಕಾ. ಅಕ್ಕಿ ಮೂಟೆಗಳ ಮೇಲೆ ಒತ್ತಿಕೊಂಡು ಕುಳಿತೆವು. ಒಣಮೀನಿನ ಮತ್ತು ಊದುಬತ್ತಿಯ ವಾಸನೆಯ ನಡುವೆ, ಪ್ರಪಂಚದ ದೇಶಗಳೆಲ್ಲ ಒಂದೊಂದಾಗಿ ನಮ್ಮ ಕಣ್ಣೆದುರು ನಡೆದು ಹೋದವು.

ಎಲ್ಲರಿಗಿಂತ ಮೊದಲು ಬಂದದ್ದು ಗ್ರೀಸ್. ಈ ಆಟ ಹುಟ್ಟಿದ್ದೇ ಅಲ್ಲಿ, ಆದ್ದರಿಂದ ಎಲ್ಲಿ ಆಟ ನಡೆದರೂ ಮುಂದೆ ಹೋಗುವ ಮರ್ಯಾದೆ ಅವರಿಗೆ ಎಂದು ಮಾಷ್ಟ್ರು ವಿವರಿಸಿದರು. ಹಿಂದಿನ ಕಾಲದಲ್ಲಿ ಗೆದ್ದವರಿಗೆ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ, ಆಲಿವ್ ಎಲೆಗಳ ಕಿರೀಟ ಮಾತ್ರವಂತೆ. ಹೆಂಗಸರಿಗೆ ಆಡಲು ಬಿಡುತ್ತಲೇ ಇರಲಿಲ್ಲವಂತೆ. ಅದನ್ನು ಕೇಳಿ ನನಗೆ ಎಷ್ಟು ಸಿಟ್ಟು ಬಂದಿತೆಂದರೆ, ಆ ಹಳೆಯ ಗ್ರೀಕರು ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಈಗಲೂ ಆಟಕ್ಕೆ ಮುಂಚೆ ಗ್ರೀಸಿನಲ್ಲಿ ಆಟ ಹುಟ್ಟಿದ ಊರಿನಲ್ಲೇ ಬಿಸಿಲಿಗೆ ಕನ್ನಡಿ ಹಿಡಿದು ಬೆಂಕಿ ಹೊತ್ತಿಸಿ, ಅದನ್ನೇ ಕೈಯಿಂದ ಕೈಗೆ ದಾಟಿಸುತ್ತಾ ತರುತ್ತಾರೆ ಎಂದೂ ಹೇಳಿದರು. ಶಾಲೆಯ ಗಂಟೆ ಬಾರಿಸಿದರೂ ನಾವು ಏಳಲಿಲ್ಲ. ಆಸ್ಟ್ರೇಲಿಯಾ ಇನ್ನೂ ಬಂದಿರಲಿಲ್ಲ. ಆಟ ನಡೆಸಿಕೊಡುವ ದೇಶ ಎಲ್ಲರ ಹಿಂದೆ ಬರುವುದು ಕ್ರಮ.

ಆ ಡಿಸೆಂಬರಿನಲ್ಲಿ ಸುತ್ತಲಿನ ಊರುಗಳ ಶಾಲೆಗಳ ಕ್ರೀಡಾಕೂಟ ನಮ್ಮ ಶಾಲೆಯಲ್ಲಿ ನಡೆಯುವುದೆಂದಾಯಿತು. ಮಾಷ್ಟ್ರಿಗೆ ಹುರುಪು ಬಂತು. ಎಲ್ಲವೂ ಒಲಿಂಪಿಕ್ಸಿನ ಹಾಗೇ ಆಗಬೇಕು! ಆಲಿವ್ ಎಲೆ ಎಲ್ಲಿಂದ ತರುವುದು? ಗೆದ್ದವರಿಗೆ ಶಂಕರಪುರದ ಮಲ್ಲಿಗೆ. ಪಂಜಿಗೆ ಏನು ಮಾಡುವುದು? ಒಣಗಿದ ತೆಂಗಿನ ಗರಿಗಳನ್ನು ಬಿಗಿಯಾಗಿ ಕಟ್ಟಿದ ಸೂಟೆ. ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ತೆಂಗಿನ ನಾರಿಗೆ ಬೆಂಕಿ ಹೊತ್ತಿಸಲು ಅವರು ದಿನವೂ ಅಭ್ಯಾಸ ಮಾಡಿದರು. ಮೆರವಣಿಗೆಯಲ್ಲಿ ನಮ್ಮ ಶಾಲೆಯ ಬೋರ್ಡು ಹಿಡಿಯಲು ಯಾರನ್ನು ಆರಿಸಿದರು ಎಂದು ಬೇರೆ ಹೇಳಬೇಕೇ? ಬಿಳಿ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ 'ಪರ್ಕಳ' ಎಂದು ಬರೆದ ಬೋರ್ಡು ಅದು. ಮೆರವಣಿಗೆಯಲ್ಲಿ ಬೋರ್ಡು ಹಿಡಿಯುವವಳು ನಾನೇ ಎಂದು ಮನೆಯಲ್ಲಿ ನೂರು ಸಲ ಹೇಳಿ ಅಕ್ಕನ ತಲೆ ತಿಂದೆ.

ಕೂಟದ ದಿನ ಅಕ್ಕ ಹಿತ್ತಾಳೆ ಚೊಂಬಿನಲ್ಲಿ ಕೆಂಡ ತುಂಬಿ ನನ್ನ ಯೂನಿಫಾರಂ ಇಸ್ತ್ರಿ ಮಾಡಿದಳು. ಮೈದಾನದ ಕೆಂಪು ಮಣ್ಣಿಗೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆದಿದ್ದರು. ಬಾಳೆ ಎಲೆಯಲ್ಲಿ ಸುತ್ತಿಟ್ಟ ಮಲ್ಲಿಗೆಯ ಪರಿಮಳ ಗೇಟಿನ ತನಕ ಬರುತ್ತಿತ್ತು. ಮೆರವಣಿಗೆ ಗೇಟಿನ ಹೊರಗೆ ಸಾಲುಗಟ್ಟಿತು. ಈ ಕೂಟವನ್ನು ಮೊಟ್ಟಮೊದಲು ನಡೆಸಿದವರು ಕಾರ್ಕಳದವರು, ಹಾಗಾಗಿ ಗ್ರೀಸಿನ ಜಾಗ ಅವರಿಗೆ. ಆಮೇಲೆ ಕಾಪು, ಸಂತೆಕಟ್ಟೆ, ಬೇರೆ ಬೇರೆ ಊರಿನವರು. ಎಲ್ಲರ ಹಿಂದೆ ನಾವು, ನಮ್ಮವರ ಮುಂದೆ ಬೋರ್ಡು ಹಿಡಿದ ನಾನು.

ಆಗ ಅಪ್ಪ ಬಂದ. ಕೆಲಸಕ್ಕೆ ರಜೆ ಹಾಕಿ, ಒಗೆದ ಅಂಗಿ ತೊಟ್ಟು, ಅಕ್ಕನನ್ನೂ ಕರೆದುಕೊಂಡು ಬಂದಿದ್ದ. ಸಾಲಿನ ಮುಂದಿನಿಂದ ನನ್ನನ್ನು ಹುಡುಕುತ್ತಾ ಬರುವುದು ನನಗೆ ಕಾಣುತ್ತಿತ್ತು. ಒಂದೊಂದು ಶಾಲೆ ದಾಟಿದಂತೆಲ್ಲ ಅವನ ಮುಖ ಚಿಕ್ಕದಾಗುತ್ತಾ ಬಂತು. ಕಟ್ಟಕಡೆಗೆ ನನ್ನ ಮುಂದೆ ನಿಂತವನೇ ಬೋರ್ಡಿನ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಡಿ ಮನಿಗೆ," ಎಂದ. "ನೀರಿನ ಪಾಳಿಯಾಗ ಹಿಂದ, ರೇಷನ್ ಅಂಗಡ್ಯಾಗ ಹಿಂದ. ಈಗ ಸಾಲ್ಯಾಗೂ ನನ್ನ ಮಗಳ್ನ ಎಲ್ಲಾರಕಿಂತ ಹಿಂದ ನಿಲ್ಲಸ್ತಾರೇನು? ನಂದು ನಡೀತೈತಿ, ನಿಂದು ನಡಿಯಂಗಿಲ್ಲ."

ಅಪ್ಪ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ತನಗಾಗಿ ಒಂದು ದಿನವೂ ಜಗಳವಾಡದವನು ನನಗಾಗಿ ಅಷ್ಟು ಜನರ ನಡುವೆ ನಿಂತಿದ್ದ. ಹೆಮ್ಮೆಯೂ ಆಯಿತು, ಭಯವೂ ಆಯಿತು. ಅವನು ಎಳೆದುಕೊಂಡು ಹೋದರೆ ಆ ಬೋರ್ಡು ಬೇರೆಯವರ ಕೈಗೆ ಹೋಗುತ್ತಿತ್ತು.

ಮಾಷ್ಟ್ರು ಓಡಿಬಂದರು. "ಎಂತ ಮಾರಾಯ್ರೆ, ಕೋಪ ಮಾಡಬೇಡಿ. ಒಲಿಂಪಿಕ್ಸಿನಲ್ಲಿ ಕ್ರಮವೇ ಹಾಗೆ ಉಂಟು. ಮೊದಲು ಗ್ರೀಸ್, ಕೊನೆಗೆ..."

"ನಿಮ್ಮ ಗ್ರೀಸು ನನಗ ಗೊತ್ತಿಲ್ರಿ ಸರ," ಎಂದ ಅಪ್ಪ. "ಹಿಂದ ಅಂದ್ರ ಏನಂತ ಗೊತ್ತೈತಿ."

ಒಳಗೆ ಬ್ಯಾಂಡು ಶುರುವಾಯಿತು. ಕಾರ್ಕಳದವರು ಗೇಟು ದಾಟಿದರು. ಮಾಷ್ಟ್ರ ಮಾತು ಅಪ್ಪನಿಗೆ ತಾಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಕೋಲು ಬಿಡದೆ ಕೇಳಿದೆ: "ಅಪ್ಪಾ, ಅತ್ತಿ ಮದುವ್ಯಾಗ ನೀ ಯಾವಾಗ ಉಂಡಿ?"

"ಈಗ್ಯಾಕ ಅದು?"

"ಹೇಳು."

"ಎಲ್ಲಾರೂ ಉಂಡ ಮ್ಯಾಲೆ. ಕಡೀ ಪಂಕ್ತಿಗೆ."

"ಯಾಕ? ನೀ ಕಡಿಮಿಯಂವ ಅಂತೇನು?"

"ಹುಚ್ಚಿ, ಮದುವಿ ಮಾಡಾಂವ ನಾನು. ಬೀಗರು ನಿಂತಾಗ ಮನಿಯವ್ರು ಮೊದ್ಲ ಕುಂತ್ರ ಚಂದ ಕಾಣತೈತೇನು?" ಎಂದವನು ಅಲ್ಲಿಗೇ ನಿಂತ. ಮುಂದಿದ್ದ ಸಾಲನ್ನು ನೋಡಿದ. ಬೋರ್ಡನ್ನು ನೋಡಿದ. ಅವನಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. "ಏನ್ ಬರದಾರ ಇದರಾಗ?" ಎಂದು ಮೆಲ್ಲನೆ ಅಕ್ಕನನ್ನು ಕೇಳಿದ.

"ಪರ್ಕಳ ಅಂತ," ಎಂದಳು ಅಕ್ಕ. "ಇಲ್ಲಿ ಮನಿಯವ್ರು ನಾವಽ ಅಪ್ಪಾ."

ಅಪ್ಪ ಕೋಲು ಬಿಟ್ಟ. ಸಿಮೆಂಟಿಗೆ ಒರಟಾಗಿದ್ದ ಕೈಯಿಂದ ನನ್ನ ಕಾಲರ್ ಸರಿಮಾಡಿ, "ಮುಂದ ನೋಡಿ ನಡಿ. ಹೆಜ್ಜಿ ತಪ್ಪಬ್ಯಾಡ," ಎಂದ.

ಹೆಜ್ಜೆ ತಪ್ಪುವುದೇ? ನಾನೇ? ಸುಣ್ಣದ ಗೆರೆಯ ಮೇಲೆ, ಬ್ಯಾಂಡಿನ ಒಂದೊಂದು ಪೆಟ್ಟಿಗೂ ಸರಿಯಾಗಿ ನಡೆದೆ. ನಾವು ಗೇಟು ದಾಟುವಷ್ಟರಲ್ಲಿ ಮಾಷ್ಟ್ರು ಮೈಕಿನ ಹತ್ತಿರ ಓಡಿದ್ದರು. "ಅತಿಥಿಗಳೆಲ್ಲ ಬಂದಾಯಿತು. ಈಗ ಮನೆಯವರು ಬರುತ್ತಿದ್ದಾರೆ, ಪರ್ಕಳ!" ಎಂದು ಕೂಗಿದರು. ನಮ್ಮ ಮಾತನ್ನೇ ಕದ್ದು ಅಷ್ಟು ದೊಡ್ಡ ಚಪ್ಪಾಳೆ ಗಿಟ್ಟಿಸಿಕೊಂಡರು ನೋಡಿ! ಆಮೇಲೆ ಎತ್ತರದ ಒಬ್ಬ ಹುಡುಗಿ ಸೂಟೆ ಹಿಡಿದು ಮೈದಾನ ಸುತ್ತಿದಳು. ಕಿಡಿಗಳು ಹಾರುತ್ತಿದ್ದವು, ಮಾಷ್ಟ್ರು ನೀರಿನ ಬಕೆಟ್ ಹಿಡಿದು ಅವಳ ಹಿಂದೆ ಓಡುತ್ತಿದ್ದರು. ಒಲಿಂಪಿಕ್ಸಿನಲ್ಲಿ ಇಲ್ಲದ ಕ್ರಮ ಅದೊಂದೇ.

ರಿಲೇಯಲ್ಲಿ ನಾವು ಸೋತೆವು. ಕಾಪುವಿನ ಹುಡುಗಿಯರು ಮಲ್ಲಿಗೆ ಮುಡಿದುಕೊಂಡು ಹೋದರು. ನಗಬೇಡಿ. ನಾನು ಮೊದಲೇ ಹೇಳಿದ್ದು ನಡಿಗೆಯ ವಿಷಯ, ಓಟದ್ದಲ್ಲ.

ಮಧ್ಯಾಹ್ನ ಅಪ್ಪನನ್ನು ಗೋಡೆಯ ಬಳಿ ಹುಡುಕಿದರೆ ಅವನು ಅಲ್ಲಿರಲಿಲ್ಲ. ಶಾಲೆಯ ಸ್ಟೀಲ್ ಜಗ್ಗು ಹಿಡಿದು, ಬೇರೆ ಊರುಗಳಿಂದ ಬಂದವರು ಕುಳಿತಿದ್ದ ಶಾಮಿಯಾನದೊಳಗೆ ಓಡಾಡುತ್ತಿದ್ದ. "ಬಿಸಲಾಗ ಬಂದೀರಿ, ನೀರು ಕುಡೀರಿ," ಎಂದು ಒಬ್ಬೊಬ್ಬರಿಗೂ ಬಗ್ಗಿ ಕೊಡುತ್ತಿದ್ದ. ಕಾರ್ಕಳದ ಹಿರಿಯರೊಬ್ಬರು ಲೋಟ ಹಿಂದಿರುಗಿಸುತ್ತಾ ಕೇಳಿದರು, "ನಿಮ್ಮದು ಊರು ಎಲ್ಲಿ ಆಯ್ತು?" ಆ ಪ್ರಶ್ನೆಗೆ ಅಪ್ಪನ ಉತ್ತರ ಯಾವಾಗಲೂ ಗದಗ. ಆ ದಿನ ಮಾತ್ರ, "ಇಲ್ಲೇರಿ, ಪರ್ಕಳ," ಎಂದ.

ಈಗ ನಿಮ್ಮ ಒಲಿಂಪಿಕ್ಸ್ ನಿಮ್ಮ ಅಂಗೈಗೇ ಬರುತ್ತದೆ. ಅಕ್ಕಿ ಮೂಟೆ ಹತ್ತಬೇಕಾಗಿಲ್ಲ, ಬೆಲ್ಲ ಮುಟ್ಟಬೇಡಿ ಎನ್ನುವವರೂ ಇಲ್ಲ. ಮೆರವಣಿಗೆ ಬೇಸರವಾದರೆ ಬೆರಳಿನಿಂದ ಸರಿಸಿ ಓಟ ನೋಡುತ್ತೀರಿ. ಆಸ್ಟ್ರೇಲಿಯಾಕ್ಕಾಗಿ ಮಧ್ಯಾಹ್ನವಿಡೀ ಕಾದ ನಮ್ಮ ಖುಷಿ ನಿಮಗೆ ಗೊತ್ತಿಲ್ಲ, ಪಾಪ. ಆದರೆ ನಿಮ್ಮಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. ಊರು ಯಾವುದು ಎಂದು ಯಾರಾದರೂ ಕೇಳಿದರೆ, ಬಾಯಲ್ಲಿ ಮಿಠಾಯಿ ಇಟ್ಟುಕೊಂಡೇ "ಪರ್ಕಳ" ಎಂದು ಹೇಳಿ ಆಟಕ್ಕೆ ಓಡುತ್ತೀರಿ. ನಿಮ್ಮ ಮುತ್ತಜ್ಜ ಆ ಮಾತನ್ನು ಮೊದಲ ಸಲ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಹಾಗೆಂದವನೇ, ಕಾರ್ಕಳದ ಹಿರಿಯರು ಹಿಂದಿರುಗಿಸಿದ ಲೋಟವನ್ನು ಇನ್ನೊಮ್ಮೆ ತುಂಬಿ ಅವರಿಗೇ ಕೊಟ್ಟ.